ಸಭೆಗೆ ಜಾತಕ ಬರೆಯುವವರು

ಬೈಬಲನ್ನು ಅಕ್ಷರಶಃ ಓದುವುದರಲ್ಲಿ ತಮ್ಮನ್ನು ಬಿಟ್ಟರೆ ಇಲ್ಲ ಎನ್ನುವ ಕ್ರೈಸ್ತ ಪಂಥವೊಂದಿದೆ. ಅವರಿಗೆ ಒಂದು ಸರಳ ಪ್ರಶ್ನೆ ಕೇಳಿ ನೋಡಿ: ಯೆಹೂದ್ಯರಲ್ಲದವರು, ಬೈಬಲಿನ ಮಾತಿನಲ್ಲಿ ಅನ್ಯಜನರು, ಸೇರಿಕೊಂಡಿರುವ ಈ ಸಭೆ ಹುಟ್ಟಿದ್ದು ಯಾವತ್ತು? ಪುಸ್ತಕ ಒಂದೇ, ಓದುವ ನಿಯಮವೂ ಒಂದೇ, ಆದರೆ ಉತ್ತರ ಕಡಿಮೆಯೆಂದರೂ ನಾಲ್ಕು. ‘ಅಪೊಸ್ತಲರ ಕೃತ್ಯಗಳು’ 28 ಅಧ್ಯಾಯಗಳ ಪುಸ್ತಕ. ಸಭೆ ಹುಟ್ಟಿದ್ದು 2ನೇ ಅಧ್ಯಾಯದಲ್ಲಿ, ಪಂಚಾಶತ್ತಮ ಹಬ್ಬದ ದಿನ ಎನ್ನುವವರು ಹೆಚ್ಚು. ಅಲ್ಲ, ಸೌಲ ದಮಸ್ಕದ ದಾರಿಯಲ್ಲಿ ಬಿದ್ದು ಪೌಲನಾಗುವ 9ನೇ ಅಧ್ಯಾಯದಲ್ಲಿ ಎನ್ನುತ್ತಾರೆ ಕೆಲವರು. ಅದೂ ಅಲ್ಲ, ಪೌಲ ಬಾರ್ನಬರನ್ನು ಅಂತಿಯೋಕ್ಯದಿಂದ ಕಳುಹಿಸಿಕೊಡುವ 13ನೇ ಅಧ್ಯಾಯದಲ್ಲಿ ಎಂದು ಮತ್ತೆ ಕೆಲವರು. ಕೊನೆಗೆ, 28ನೇ ಅಧ್ಯಾಯದಲ್ಲಿ, ಪುಸ್ತಕ ಮುಗಿಯಲು ಎರಡು ಮೂರು ವಚನಗಳಿರುವಾಗ ಎನ್ನುವವರೂ ಇದ್ದಾರೆ. ಜಾತಕ ಬರೆಯುವಾಗ ಹುಟ್ಟಿದ ಗಳಿಗೆ ಹೆಚ್ಚು ಕಡಿಮೆಯಾದರೆ ಲಗ್ನವೇ ಬದಲಾಗುತ್ತದಲ್ಲ, ಇಲ್ಲೂ ಹಾಗೆಯೇ. ಯಾವ ಅಧ್ಯಾಯ ಎನ್ನುವುದರ ಮೇಲೆ ನೀರಿನ ದೀಕ್ಷಾಸ್ನಾನ ಬೇಕೋ ಬೇಡವೋ, ಪರ್ವತ ಪ್ರಸಂಗ ಯಾರಿಗೆ ಹೇಳಿದ್ದು, ಕರ್ತನ ಭೋಜನಕ್ಕೆ ಕೂರಬೇಕೋ ಬಾರದೋ ಎಲ್ಲ ನಿಂತಿದೆ.

ಈ ನಾಲ್ಕರಲ್ಲಿ ಯಾವುದು ಸರಿ ಎಂದು ಆರಿಸಿಕೊಡುವುದು ನನ್ನ ಉದ್ದೇಶವಲ್ಲ. ‘ಅನ್ಯಜನರ ಸಭೆ’ ಎಂಬ ಪ್ರತ್ಯೇಕ ಕೂಸಿಗೆ ಹುಟ್ಟಿದ ದಿನ ಹುಡುಕುವುದೇ ಪಠ್ಯಕ್ಕೆ ಮಾಡುವ ಅನ್ಯಾಯ ಎಂದು ವಾದಿಸಲು ಕೂತಿದ್ದೇನೆ. ಭಕ್ತಿಯ ಮಾತನ್ನು ಬಲ್ಲವರು ಆಡಲಿ. ನನ್ನದು ವಾಕ್ಯಗಳನ್ನು ಬಿಡಿಸಿ ಜೋಡಿಸುವ ಕಸುಬು, ವಾದವೂ ಅಲ್ಲಿಂದಲೇ.

ಮೊದಲು ಈ ಪಂಥದ ಪರಿಚಯ. ಇಂಗ್ಲಿಷಿನಲ್ಲಿ ಡಿಸ್ಪೆನ್ಸೇಷನಲಿಸಂ ಎನ್ನುತ್ತಾರೆ; ಯುಗವಿಭಾಗವಾದ ಎಂದು ಕರೆಯೋಣ. ದೇವರು ಮನುಷ್ಯರೊಡನೆ ಬೇರೆ ಬೇರೆ ಕಾಲಘಟ್ಟಗಳಲ್ಲಿ ಬೇರೆ ಬೇರೆ ಕಟ್ಟಳೆಯ ಮೇಲೆ ವ್ಯವಹರಿಸುತ್ತಾನೆ, ಆ ಕಾಲಘಟ್ಟಗಳನ್ನು ಬೆರೆಸಿ ಓದಿದರೆ ಬೈಬಲ್ ಕಲಸುಮೇಲೋಗರವಾಗುತ್ತದೆ ಎಂಬುದು ಇದರ ತಿರುಳು. ಮೂಲ ಗ್ರೀಕ್ ಪದ ‘ಒಯ್ಕೊನೊಮಿಯ’. ಒಯ್ಕೊಸ್ ಎಂದರೆ ಮನೆ. ಕನ್ನಡದಲ್ಲಿ ಇದಕ್ಕೆ ‘ಮನೆವಾರ್ತೆ’ಯಷ್ಟು ಹೊಂದುವ ಪದ ಇನ್ನೊಂದಿಲ್ಲ: ಯಾರಿಗೆ ಏನು ಬಡಿಸಬೇಕು, ಉಗ್ರಾಣದ ಬೀಗ ಯಾರ ಕೈಯಲ್ಲಿರಬೇಕು ಎಂಬ ಮನೆಯ ಉಸ್ತುವಾರಿ. ಗಮನಿಸಿ, ಇದು ನಿರ್ವಹಣೆಯ ಪದ, ಕಾಲದ ಅಳತೆಯ ಪದವಲ್ಲ. ಮನೆವಾರ್ತೆ ಯುಗವಾದ ಕ್ಷಣದಲ್ಲೇ ಅರ್ಧ ದಾರಿ ತಪ್ಪಿಯಾಯಿತು ಎನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಆಧುನಿಕ ರೂಪ ಕೊಟ್ಟವನು ಜಾನ್ ನೆಲ್ಸನ್ ಡಾರ್ಬಿ (1800–1882). ಐರ್ಲೆಂಡಿನ ಆಂಗ್ಲಿಕನ್ ಪಾದ್ರಿಯಾಗಿದ್ದು, ಅದನ್ನು ಬಿಟ್ಟು ಬ್ರದರನ್ ಚಳವಳಿಯ ಮುಂಚೂಣಿಗೆ ಬಂದವನು. ಅಮೆರಿಕದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಬಂದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್. ಪುಟದ ಮೇಲ್ಭಾಗದಲ್ಲಿ ದೇವವಾಕ್ಯ, ಕೆಳಗೆ ಸ್ಕೋಫೀಲ್ಡನ ಟಿಪ್ಪಣಿ. ಎರಡೂ ಒಂದೇ ಪುಟದಲ್ಲಿ ಅಚ್ಚಾದರೆ ಓದುಗನ ತಲೆಯಲ್ಲಿ ಎರಡರ ನಡುವಿನ ಗೆರೆ ಎಷ್ಟು ದಿನ ಉಳಿದೀತು? 1918ರಲ್ಲಿ ಕ್ಲಾರೆನ್ಸ್ ಲಾರ್ಕಿನ್ ಇಡೀ ದೈವಯೋಜನೆಯನ್ನು ನಕ್ಷೆಗಳಲ್ಲಿ ಬರೆದು ಪುಸ್ತಕ ಮಾಡಿದ. ಆತ ಪಾದ್ರಿಯಾಗುವ ಮೊದಲು ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದನೆಂಬುದು ತಿಳಿದರೆ ಆ ನಕ್ಷೆಗಳ ನೇರ ಗೆರೆಗಳು ಎಲ್ಲಿಂದ ಬಂದವೆಂದು ಬೇರೆ ಹೇಳಬೇಕಿಲ್ಲ. ನಮ್ಮ ದಕ್ಷಿಣಕ್ಕೂ ಇದು ಹೊಸತಲ್ಲ. ಬ್ರದರನ್ ಚಳವಳಿಯ ಮೊದಲಿಗರಲ್ಲೊಬ್ಬನಾದ ಆಂಥೊನಿ ನಾರಿಸ್ ಗ್ರೋವ್ಸ್ 1830ರ ದಶಕದಲ್ಲಿಯೇ ಮದರಾಸಿಗೆ ಬಂದು ನೆಲೆಸಿದ್ದ. ಡಾರ್ಬಿಯ ಬಿಗಿತನ ಹೀಗೇ ಬೆಳೆದರೆ ಚಳವಳಿ ಯಾವುದನ್ನು ವಿರೋಧಿಸಿ ಹುಟ್ಟಿತೋ ಅದೇ ಆಗಿಬಿಡುತ್ತದೆ ಎಂದು 1836ರಲ್ಲೇ ಆತನಿಗೆ ಕಾಗದ ಬರೆದು ಎಚ್ಚರಿಸಿದವನೂ ಈ ಗ್ರೋವ್ಸನೇ.

ಡಾರ್ಬಿ, ಸ್ಕೋಫೀಲ್ಡ್, ಡಾಲಸ್ ಸೆಮಿನರಿಯ ಸ್ಥಾಪಕ ಲೂಯಿಸ್ ಸ್ಪೆರಿ ಚೇಫರ್, ಅವನ ನಂತರದ ಚಾರ್ಲ್ಸ್ ರೈರಿ ಇವರೆಲ್ಲ 2ನೇ ಅಧ್ಯಾಯದವರು. ಅವರ ವಾದ ಗಟ್ಟಿಯಾದದ್ದೇ. ಪವಿತ್ರಾತ್ಮನ ದೀಕ್ಷೆಯಿಂದ ಎಲ್ಲರೂ ಒಂದೇ ದೇಹಕ್ಕೆ ಸೇರಿದರೆಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಆ ದೀಕ್ಷೆ ಇನ್ನು ಕೆಲವೇ ದಿನಗಳಲ್ಲಿ ಆಗಲಿದೆಯೆಂದು ಕೃತ್ಯಗಳ 1ನೇ ಅಧ್ಯಾಯ ಹೇಳುತ್ತದೆ. ಮುಂದೆ 11ನೇ ಅಧ್ಯಾಯದಲ್ಲಿ ಪೇತ್ರನು ಕೊರ್ನೇಲ್ಯನ ಮನೆಯಲ್ಲಾದದ್ದನ್ನು ವಿವರಿಸುತ್ತ, ಪ್ರಾರಂಭದಲ್ಲಿ ನಮಗೆ ಆದಂತೆಯೇ ಅವರಿಗೂ ಆಯಿತು ಎಂಬರ್ಥದ ಮಾತನ್ನು ಆಡುತ್ತಾನೆ. ಆ ‘ಪ್ರಾರಂಭ’ ಪಂಚಾಶತ್ತಮವಲ್ಲದೆ ಮತ್ತೇನು ಎಂಬುದು ಇವರ ಪ್ರಶ್ನೆ.

ಇದಕ್ಕೆ ಎದುರಾಳಿಗಳ ಉತ್ತರವನ್ನು ಕೇಳಿ. ಅವರನ್ನು ಹುಚ್ಚರೆಂದು ತಳ್ಳಿಹಾಕುವ ರೂಢಿಯಿದೆ, ಅದು ಸರಿಯಲ್ಲ. ಷಿಕಾಗೋದ ಪಾಸ್ಟರ್ ಜೆ. ಸಿ. ಓಹೇರ್, 1940ರಲ್ಲಿ ಬೆರಿಯನ್ ಬೈಬಲ್ ಸೊಸೈಟಿ ಕಟ್ಟಿದ ಕೊರ್ನೇಲಿಯಸ್ ಸ್ಟಾಮ್, ಚಾರ್ಲ್ಸ್ ಬೇಕರ್ ಇವರು ಕೃತ್ಯಗಳ ನಡುಭಾಗದವರು. ಸ್ಟಾಮ್ 9ನೇ ಅಧ್ಯಾಯದ ಕಡೆ, ಬೇಕರ್ 13ನೆಯದರ ಕಡೆ. ಅವರು ಹೇಳುವುದು ಇಷ್ಟು: ಪಂಚಾಶತ್ತಮದ ದಿನ ಪೇತ್ರ ಯಾರನ್ನು ಉದ್ದೇಶಿಸಿ ಮಾತಾಡಿದ? ಇಸ್ರಾಯೇಲ್ಯರನ್ನು. ಏನನ್ನು ಎತ್ತಿ ಹೇಳಿದ? ಇಸ್ರಾಯೇಲ್ಯರ ಪ್ರವಾದಿ ಯೋವೇಲನನ್ನು. ಅಲ್ಲಿ ನಡೆದದ್ದು ಪ್ರವಾದನೆಯ ನೆರವೇರಿಕೆ ಎಂದ. ಆದರೆ ಈ ಸಭೆ ಹಿಂದಿನ ತಲೆಮಾರುಗಳಿಗೆ ತಿಳಿಸದೆ ಮುಚ್ಚಿಟ್ಟಿದ್ದ ಮರ್ಮ ಎಂದು ಎಫೆಸದವರಿಗೆ ಬರೆದ ಪತ್ರದ 3ನೇ ಅಧ್ಯಾಯ ಹೇಳುತ್ತದೆ. ಮೊದಲೇ ಸಾರಿದ್ದೂ ಮುಚ್ಚಿಟ್ಟಿದ್ದೂ ಒಂದೇ ಹೇಗಾದೀತು? ಮರ್ಮ ತಿಳಿದದ್ದು ಪೌಲನಿಗೆ. ಆದ್ದರಿಂದ ಪೌಲನಿಗೆ ಮುಂಚೆ ಈ ಸಭೆ ಇಲ್ಲ. 2ನೇ ಅಧ್ಯಾಯದವರು ಇದಕ್ಕೆ ಕೂಸು ಮೊದಲು ಹುಟ್ಟಿತು, ನಾಮಕರಣ ಆಮೇಲಾಯಿತು ಎಂಬಂಥ ಸಮಾಧಾನ ಹೇಳುತ್ತಾರೆ. ಸಮಾಧಾನವೇನೋ ಹೌದು, ಆದರೆ ಅಕ್ಷರಶಃ ಓದುವವರ ಬಾಯಲ್ಲಿ ಅದು ಸ್ವಲ್ಪ ಅಗ್ಗದ್ದು.

ಇನ್ನು 28ನೇ ಅಧ್ಯಾಯದವರು. ಇಂಗ್ಲೆಂಡಿನ ಇ. ಡಬ್ಲ್ಯು. ಬುಲಿಂಜರ್ (1837–1913) ಸಾಮಾನ್ಯ ಆಸಾಮಿಯಲ್ಲ; ಬೈಬಲಿನ ಅಲಂಕಾರಗಳ ಮೇಲೆ 1898ರಲ್ಲಿ ಆತ ತಂದ ದೊಡ್ಡ ಗ್ರಂಥವನ್ನು ಭಾಷೆಯ ಕಸುಬಿನವರು ಇವತ್ತಿಗೂ ತೆರೆದು ನೋಡುತ್ತಾರೆ. ಆತನೂ ಚಾರ್ಲ್ಸ್ ವೆಲ್ಚ್ ಎಂಬಾತನೂ ಮುಂದಿಟ್ಟ ವಾದ: ರೋಮಾಪುರದಲ್ಲಿ ಬಂದಿಯಾಗಿದ್ದ ಪೌಲ ಯೆಹೂದ್ಯರಿಗೆ ಕೊನೆಯ ಮಾತು ಹೇಳುವವರೆಗೂ ಇಸ್ರಾಯೇಲ್ಯರಿಗೇ ಮೊದಲ ಮಣೆ. ಅಲ್ಲಿಯವರೆಗೆ ಅದ್ಭುತಗಳು, ವಾಸಿಮಾಡುವ ವರಗಳು. ಅದರಾಚೆಗೆ ತ್ರೊಫಿಮನನ್ನು ಕಾಯಿಲೆಯಲ್ಲೇ ಬಿಟ್ಟು ಹೋಗಬೇಕಾಯಿತು, ತಿಮೊಥೆಯನ ಹೊಟ್ಟೆನೋವಿಗೆ ದ್ರಾಕ್ಷಾರಸದ ಸಲಹೆ. ಆದ್ದರಿಂದ ನಮಗೆ ಸಂಬಂಧಪಟ್ಟದ್ದು ಸೆರೆಮನೆಯ ಪತ್ರಗಳು ಮತ್ತು ಅವುಗಳ ಆಸುಪಾಸಿನವು ಮಾತ್ರ. ನಡುಭಾಗದವರು ನೀರಿನ ದೀಕ್ಷಾಸ್ನಾನ ಬಿಟ್ಟರು, ಕರ್ತನ ಭೋಜನ ಇಟ್ಟುಕೊಂಡರು. 28ರವರಲ್ಲಿ ಹೆಚ್ಚಿನವರು ಎರಡನ್ನೂ ಬಿಟ್ಟರು.

2ನೇ ಅಧ್ಯಾಯದವರು ಈ ಇಬ್ಬರನ್ನೂ ‘ಅತಿ’ ಯುಗವಿಭಾಗವಾದಿಗಳೆಂದು ಬೈಯುತ್ತಾರೆ. ಐರನ್‌ಸೈಡ್ ಇವರ ವಿರುದ್ಧ ಪುಸ್ತಕವನ್ನೇ ಬರೆದ. 1965ರ ತನ್ನ ಹೆಸರಾಂತ ಪುಸ್ತಕದಲ್ಲಿ ರೈರಿಯೂ ಇವರಿಗಾಗಿ ಒಂದು ಅಧ್ಯಾಯ ಮೀಸಲಿಟ್ಟ. ನನ್ನ ಮೊದಲ ತಕರಾರು ಇಲ್ಲೇ. ‘ಅತಿ’ ಎನ್ನಬೇಕಾದರೆ ಮಿತಿ ಎಲ್ಲಿ ಎಂದು ತೋರಿಸಬೇಕಲ್ಲ? ಇಸ್ರಾಯೇಲೇ ಬೇರೆ ಸಭೆಯೇ ಬೇರೆ, ಪದಗಳನ್ನು ಅಕ್ಷರಶಃ ತೆಗೆದುಕೊಳ್ಳಬೇಕು, ಪದ ಬೇರೆಯಾದಲ್ಲಿ ವಸ್ತುವೂ ಬೇರೆ ಎಂಬ ಕತ್ತರಿಯನ್ನು ಕೈಗಿತ್ತವರು ಇವರೇ. ಆ ಕತ್ತರಿಯಿಂದ ಮಲಾಕಿ ಮತ್ತಾಯರ ನಡುವೆ, ಸುವಾರ್ತೆಗಳು ಮತ್ತು ಪತ್ರಗಳ ನಡುವೆ ಇವರು ಕತ್ತರಿಸಿದಾಗ ಅದು ಶ್ರದ್ಧೆ. ಅದೇ ಕತ್ತರಿಯಿಂದ ಸ್ಟಾಮ್ ಪೇತ್ರ ಪೌಲರ ನಡುವೆ ಕತ್ತರಿಸಿದರೆ, ಬುಲಿಂಜರ್ ಪೌಲನನ್ನೇ ಎರಡು ತುಂಡು ಮಾಡಿದರೆ ಅತಿರೇಕ! ನಿಯಮಕ್ಕೆ ನಿಷ್ಠೆ ಎಂಬ ಒಂದೇ ಅಳತೆಗೋಲು ಹಿಡಿದರೆ ನನ್ನ ಮತ ಬುಲಿಂಜರನಿಗೆ. ಆತ ಕತ್ತರಿ ಹೋದಷ್ಟು ದೂರ ಹೋದ. ಹೋದಲ್ಲಿ ಕೈಗೆ ಉಳಿದದ್ದು ಹಿಡಿಯಷ್ಟು ಪುಟ.

ಈ ಕತ್ತರಿಗೆ ಆಧಾರವೆಂದು ಇವರೆಲ್ಲ ತೋರಿಸುವ ವಚನವೊಂದಿದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಸತ್ಯವಾಕ್ಯವನ್ನು ನಿಭಾಯಿಸುವ ಕೆಲಸಗಾರನ ಮಾತು ಬರುತ್ತದೆ. 1611ರ ಇಂಗ್ಲಿಷ್ ಅನುವಾದ ಅಲ್ಲಿ ‘ಸರಿಯಾಗಿ ಭಾಗಿಸು’ ಎಂಬರ್ಥದ ಪದ ಹಾಕಿತು. ಸ್ಕೋಫೀಲ್ಡ್ 1888ರಲ್ಲಿ ಅದನ್ನೇ ತನ್ನ ಕಿರುಪುಸ್ತಕದ ಹೆಸರಾಗಿಸಿಕೊಂಡ. ಗ್ರೀಕ್‌ನಲ್ಲಿರುವುದು ‘ಒರ್ಥೊತೊಮೆಯೊ’, ನೇರವಾಗಿ ಕೊಯ್ಯು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದ ಜ್ಞಾನೋಕ್ತಿಗಳಲ್ಲಿ ಇದೇ ಕ್ರಿಯಾಪದ ದಾರಿಯನ್ನು ನೇರ ಮಾಡುವುದಕ್ಕೆ ಬಳಕೆಯಾಗಿದೆ. ಕಾಡು ಕಡಿದು ಬಂಡಿದಾರಿಯನ್ನು ಸೊಟ್ಟಗಾಗದಂತೆ ಎಳೆಯುವುದು ಒಂದು ಕೆಲಸ. ಇರುವ ಜಮೀನನ್ನು ನಾಲ್ಕು ಪಾಲು ಮಾಡಿ ಬದು ಹಾಕುವುದು ಇನ್ನೊಂದು. ನಂತರದ ಇಂಗ್ಲಿಷ್ ಅನುವಾದಗಳು ಬಹುಪಾಲು ಈ ಭಾಗಾಕಾರವನ್ನು ಕೈಬಿಟ್ಟಿವೆ. ವಾದವೆಲ್ಲ ಈ ಒಂದು ಪದದ ಮೇಲೆ ನಿಂತಿಲ್ಲ ಎಂದು ಅವರು ಹೇಳಿಯಾರು, ಒಪ್ಪೋಣ. ಆದರೆ ಧ್ವಜದ ಮೇಲೆ ಬರೆದುಕೊಂಡಿರುವ ಪದವೇ ಇದು.

ಪದ ಬೇರೆಯಾದರೆ ವಸ್ತು ಬೇರೆ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಮುಂಜಾನೆ ಮೂಡುವ ಬೆಳ್ಳಿಯೂ ಸಂಜೆ ಕಾಣುವ ಶುಕ್ರನೂ ಒಂದೇ ಗ್ರಹ. ಹೆಸರು ಎರಡು ಎಂದಮಾತ್ರಕ್ಕೆ ಆಕಾಶದಲ್ಲಿ ಎರಡು ಗ್ರಹ ಹುಟ್ಟುವುದಿಲ್ಲ. ಭಾಷಾವಿಜ್ಞಾನದ ಮೊದಲ ವರ್ಷದ ಪಾಠ ಇದು. ‘ರಾಜ್ಯದ ಸುವಾರ್ತೆ’ ಇಸ್ರಾಯೇಲ್ಯರಿಗೆ, ‘ಕೃಪೆಯ ಸುವಾರ್ತೆ’ ಸಭೆಗೆ ಎಂದು ನಡುಭಾಗದವರು ಗೆರೆ ಎಳೆಯುತ್ತಾರೆ. ಆದರೆ ಕೃತ್ಯಗಳ 20ನೇ ಅಧ್ಯಾಯದಲ್ಲಿ ಪೌಲ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ 24ನೇ ವಚನದಲ್ಲಿ ತನ್ನ ಕೆಲಸ ಕೃಪೆಯ ಸುವಾರ್ತೆ ಸಾರುವುದೆನ್ನುತ್ತಾನೆ. 25ರಲ್ಲಿ ಅದೇ ಕೆಲಸವನ್ನು ರಾಜ್ಯವನ್ನು ಸಾರುತ್ತ ಓಡಾಡಿದ್ದು ಎನ್ನುತ್ತಾನೆ. ಎರಡು ವಚನಗಳ ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಜಾಗವಿಲ್ಲ. ಇನ್ನು 28ರವರಿಗೆ ದೊಡ್ಡ ಫಜೀತಿ. ಅವರ ಗಡಿಗಲ್ಲು 28ನೇ ಅಧ್ಯಾಯದ 28ನೇ ವಚನ. ಗಡಿ ದಾಟಿದ ಮೇಲೆ, 30 ಮತ್ತು 31ನೇ ವಚನಗಳಲ್ಲಿ, ಪೌಲ ರೋಮಿನ ಬಾಡಿಗೆಮನೆಯಲ್ಲಿ ಎರಡು ವರ್ಷ ಕೂತು ಬಂದವರಿಗೆಲ್ಲ ಸಾರಿದ್ದೇನು? ದೇವರ ರಾಜ್ಯ. ಹೊಸ ಯುಗದ ಮೊದಲ ಎರಡು ವರ್ಷ ಹಳೆಯ ಯುಗದ ಸರಕನ್ನೇ ಮಾರುತ್ತ ಕೂತಂತಾಯಿತು.

ಅದೇ ಜನ, ಪದ ಒಂದೇ ಆಗಿ ತಮಗೆ ತೊಂದರೆ ಕೊಟ್ಟಾಗ, ಈ ನಿಯಮವನ್ನೇ ತಿರುಗಿಸುತ್ತಾರೆ. ತಾನು ದೇವರ ಸಭೆಯನ್ನು ಹಿಂಸಿಸಿದೆನೆಂದು ಪೌಲ ಗಲಾತ್ಯದವರಿಗೂ ಕೊರಿಂಥದವರಿಗೂ ಬರೆಯುತ್ತಾನೆ. ಹಿಂಸಿಸಿದ್ದು ದಮಸ್ಕದ ದಾರಿಗೆ ಮುಂಚೆ; ಅಂದರೆ ಸಭೆ ಆಗಲೇ ಇತ್ತು. ಇಲ್ಲ, ಅದು ಬೇರೆ ಸಭೆ, ರಾಜ್ಯದ ಸಭೆ ಎಂದು ಉತ್ತರ ಬರುತ್ತದೆ. ಗ್ರೀಕಿನ ‘ಎಕ್ಲೇಸಿಯ’ ಅಗಲವಾದ ಪದ ಎನ್ನುವುದು ನಿಜ: ಸ್ತೆಫನ ಅರಣ್ಯದಲ್ಲಿದ್ದ ಇಸ್ರಾಯೇಲ್ಯರ ಕೂಟಕ್ಕೆ ಅದನ್ನೇ ಬಳಸುತ್ತಾನೆ, ಎಫೆಸದಲ್ಲಿ ಗಲಾಟೆಗೆ ಸೇರಿದ ಗುಂಪಿಗೂ ಅದೇ ಪದ. ನಮ್ಮ ‘ಸಭೆ’ಯೂ ಹಾಗೆಯೇ, ಸಹಕಾರ ಸಂಘದ್ದೂ ಸಭೆ, ದೇವರದ್ದೂ ಸಭೆ. ಆದರೆ ಎಲ್ಲಿ ಪದ ಬೇರೆಯೋ ಅಲ್ಲಿ ವಸ್ತು ಬೇರೆ, ಎಲ್ಲಿ ಪದ ಒಂದೇಯೋ ಅಲ್ಲೂ ವಸ್ತು ಬೇರೆ ಎಂದರೆ ಆಡುವ ದಾಯ ಯಾವ ಕಡೆ ಬಿದ್ದರೂ ಗರ ನಿಮ್ಮದೇ. ನಮ್ಮ ಮೀಮಾಂಸಕರು ಇಂಥದ್ದಕ್ಕೆ ಒಂದು ಹೆಸರಿಟ್ಟಿದ್ದರು: ವಾಕ್ಯಭೇದ. ಒಂದೇ ವಾಕ್ಯವಾಗಿ ಓದಲು ಸಾಧ್ಯವಿರುವಾಗ ಅದನ್ನು ಒಡೆದು ಎರಡು ಮಾಡುವುದು ಅವರ ಲೆಕ್ಕದಲ್ಲಿ ದೋಷ. ಒಡೆಯುವವನೇ ಕಾರಣ ಕೊಡಬೇಕು, ಕೂಡಿಸಿ ಓದುವವನಲ್ಲ. ಯಜ್ಞದ ಹವಿಸ್ಸು ಯಾವುದೆಂದು ತೀರ್ಮಾನಿಸಲು ಕಟ್ಟಿದ ನಿಯಮ, ಆದರೆ ಪೌಲನ ಪತ್ರಗಳಿಗೂ ನನಗೆ ಇದಕ್ಕಿಂತ ಒಳ್ಳೆಯ ನಿಯಮ ಸಿಕ್ಕಿಲ್ಲ.

ವ್ಯಾಕರಣದ ಎರಡು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ನಡುಭಾಗದವರ ಎರಡು ದೊಡ್ಡ ಕಂಬಗಳೇ ಅವು. ಒಂದು, ಗಲಾತ್ಯ 2ರಲ್ಲಿ ಸುನ್ನತಿಯಿಲ್ಲದವರ ಸುವಾರ್ತೆ ಪೌಲನಿಗೆ, ಸುನ್ನತಿಯವರದು ಪೇತ್ರನಿಗೆ ಒಪ್ಪಿಸಲಾಗಿದೆ ಎಂದು ಬರುತ್ತದೆ. ಗ್ರೀಕ್‌ನಲ್ಲಿ ಇಲ್ಲಿರುವುದು ಷಷ್ಠೀ ವಿಭಕ್ತಿ. 1611ರ ಇಂಗ್ಲಿಷ್ ಅದನ್ನು ಹಾಗೆಯೇ ಇಟ್ಟಿತು. ಇವರು ಅದನ್ನು ಎರಡು ಬಗೆಯ ಸುವಾರ್ತೆ ಎಂದು ಓದಿದರು. ಆದರೆ ಷಷ್ಠಿಗೆ ಒಂದೇ ಕೆಲಸವಲ್ಲ. ‘ಮಕ್ಕಳ ಊಟ’ ಎಂದರೆ ಮಕ್ಕಳಿಗೆ ಬಡಿಸುವ ಊಟ. ಅಡುಗೆ ಬೇರೆಯಾಗಿರಬೇಕೆಂದಿಲ್ಲ, ಪಂಕ್ತಿ ಬೇರೆ, ಅಷ್ಟೆ. ಮರುವಚನದಲ್ಲೇ ಪೌಲ ಗಮ್ಯವನ್ನು ಸೂಚಿಸುವ ರಚನೆ ಬಳಸಿ ಅನುಮಾನ ತೀರಿಸುತ್ತಾನೆ. ಕನ್ನಡದಲ್ಲಿ ಚತುರ್ಥಿ ಹಾಕಿ ‘ಸುನ್ನತಿಯವರಿಗೆ’ ಎಂದರೆ ಗೊಂದಲವೇ ಏಳುವುದಿಲ್ಲ. ಅಲ್ಲದೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಪೇತ್ರ, ಯಾಕೋಬ ಮುಂತಾದವರನ್ನು ಹೆಸರಿಸಿದ ಮೇಲೆ, ನಾನಾದರೂ ಅವರಾದರೂ ಸಾರುವುದು ಇದನ್ನೇ ಎಂದು ಪೌಲನೇ ಹೇಳಿಬಿಡುತ್ತಾನೆ. ಎರಡು, ತಿಮೊಥೆಯನಿಗೆ ಬರೆದ ಮೊದಲ ಪತ್ರ, 1ನೇ ಅಧ್ಯಾಯ, 16ನೇ ವಚನ: ಕ್ರಿಸ್ತನು ಪೌಲನಲ್ಲಿ ‘ಮೊದಲು’ ತನ್ನ ತಾಳ್ಮೆ ತೋರಿಸಿದ, ಆದ್ದರಿಂದ ದೇಹದ ಮೊದಲ ಸದಸ್ಯ ಪೌಲನೇ ಎನ್ನುತ್ತಾರೆ. ಅಲ್ಲಿರುವ ‘ಪ್ರೋತೊಸ್’ ಹಿಂದಿನ ವಚನದಲ್ಲೂ ಇದೆ, ಪಾಪಿಗಳಲ್ಲಿ ತಾನು ಪ್ರೋತೊಸ್ ಎನ್ನುವಲ್ಲಿ. ಅದು ಕಾಲದ ಮೊದಲಾದರೆ ಪೌಲನೇ ಲೋಕದ ಮೊದಲ ಪಾಪಿಯಾಗಬೇಕು, ಆದಾಮನಿಗೆ ಬಿಡುಗಡೆ. 1611ರವರು ಒಂದು ಕಡೆ ‘ಮುಖ್ಯ’, ಇನ್ನೊಂದು ಕಡೆ ‘ಮೊದಲು’ ಎಂದು ಬೇರೆ ಬೇರೆ ಪದ ಹಾಕಿದ್ದರಿಂದ ಇಂಗ್ಲಿಷ್ ಓದುವವರಿಗೆ ಈ ತಮಾಷೆ ಕಾಣುವುದೇ ಇಲ್ಲ.

ಹಾಗಾದರೆ ಕೃತ್ಯಗಳು ನಿಜಕ್ಕೂ ಏನು ಹೇಳುತ್ತದೆ? ಅಲ್ಲಿ ಗಡಿಯಿಲ್ಲ, ಜಗ್ಗಾಟವಿದೆ. 8ರಲ್ಲಿ ಸಮಾರ್ಯದವರು, ಇಥಿಯೋಪ್ಯದ ಕಂಚುಕಿ. 10ರಲ್ಲಿ ರೋಮಿನ ಶತಾಧಿಪತಿ ಕೊರ್ನೇಲ್ಯ. ಅವನ ಮನೆಯಲ್ಲಿ ಉಂಡದ್ದಕ್ಕೆ 11ರಲ್ಲಿ ಪೇತ್ರನ ಮೇಲೆ ತಕರಾರು. 15ರಲ್ಲಿ ಯೆರೂಸಲೇಮಿನ ಪಂಚಾಯ್ತಿ. ಇನ್ನು ‘ನಾವು ಅನ್ಯಜನರ ಕಡೆ ತಿರುಗುತ್ತೇವೆ’ ಎಂಬರ್ಥದ ಘೋಷಣೆ ಪೌಲನ ಬಾಯಲ್ಲಿ ಮೂರು ಸಲ ಬರುತ್ತದೆ: 13ರಲ್ಲಿ ಪಿಸಿದ್ಯದ ಅಂತಿಯೋಕ್ಯದಲ್ಲಿ, 18ರಲ್ಲಿ ಕೊರಿಂಥದಲ್ಲಿ, 28ರಲ್ಲಿ ರೋಮಿನಲ್ಲಿ. ಮೊದಲನೆಯದರ ಮೇಲೆ ಬೇಕರ್ ಕಡೆಯವರು, ಕೊನೆಯದರ ಮೇಲೆ ಬುಲಿಂಜರ್ ಕಡೆಯವರು ಯುಗದ ಗೆರೆ ಎಳೆದಿದ್ದಾರೆ. ಆದರೆ ಹಾಗೆ ಹೇಳಿದ ಮೇಲೆ ಪೌಲ ಮಾಡುವುದೇನು ನೋಡಿ. ಅಂತಿಯೋಕ್ಯದಿಂದ ಹೊರಟು ಇಕೋನ್ಯಕ್ಕೆ ಹೋದವನು ನೇರ ಸಭಾಮಂದಿರದೊಳಕ್ಕೆ ನಡೆಯುತ್ತಾನೆ. ಕೊರಿಂಥದಲ್ಲಿ ಬಟ್ಟೆ ಕೊಡವಿಕೊಂಡು ಹೊರಬಂದವನು ಸೇರುವುದು ಸಭಾಮಂದಿರದ ಗೋಡೆಗೆ ಅಂಟಿಕೊಂಡಿದ್ದ ಮನೆಯನ್ನು. ಅಲ್ಲಿ ನಂಬಿದವರಲ್ಲಿ ಸಭಾಮಂದಿರದ ಅಧ್ಯಕ್ಷ ಕ್ರಿಸ್ಪನೇ ಒಬ್ಬ. ಮುಂದೆ ಎಫೆಸದಲ್ಲಿ ಮತ್ತೆ ಸಭಾಮಂದಿರ, ಮೂರು ತಿಂಗಳು. ಇನ್ನು ಈ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದು ಸಿಟ್ಟಿನಿಂದ ಹೊರಟ ಅಳಿಯ ಮುಂದಿನ ಹಬ್ಬಕ್ಕೆ ಬಂದು ಕೂತಿರುವುದನ್ನು ಕಂಡವರು, ಸಿಟ್ಟಿನ ಮಾತಿನ ಮೇಲೆ ಶಕೆ ಎಣಿಸುವುದಿಲ್ಲ.

ಎಫೆಸದವರಿಗೆ ಬರೆದ ಪತ್ರಕ್ಕೆ ಈಗ ಬರೋಣ. ಅದನ್ನು ಪೌಲನೇ ಬರೆದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಯುಗವಿಭಾಗವಾದಿಗಳಿಗೆ ಆ ಅನುಮಾನವಿಲ್ಲ, ಅವರ ಅಂಗಳದಲ್ಲೇ ನಿಂತು ಮಾತಾಡುತ್ತೇನೆ. ಮರ್ಮ, ಮರ್ಮ ಎಂದು ನಾಲ್ಕೂ ಕಡೆಯವರು ಹೇಳುತ್ತಾರಲ್ಲ, ಆ ಮರ್ಮ ಏನೆಂದು 3ನೇ ಅಧ್ಯಾಯದ 6ನೇ ವಚನ ಬಿಡಿಸಿಯೇ ಹೇಳುತ್ತದೆ. ಅನ್ಯಜನರು ‘ಸುಂಕ್ಲೇರೊನೊಮ’, ‘ಸುಸ್ಸೋಮ’, ‘ಸುಮ್ಮೆತೊಖ’. ಮೂರು ಪದ, ಮೂರಕ್ಕೂ ಒಂದೇ ಪೂರ್ವಪ್ರತ್ಯಯ, ‘ಸುನ್’. ನಮ್ಮ ‘ಸಹ’. ಜೊತೆ-ಹಕ್ಕುದಾರರು, ಜೊತೆ-ಒಡಲಿನವರು, ಜೊತೆ-ಪಾಲುಗಾರರು. ನಡುವಿನದಂತೂ ಪೌಲನೇ ಈ ಕೆಲಸಕ್ಕೆಂದು ಕಟ್ಟಿಕೊಂಡಂತಿರುವ ಪದ. ಅನುವಾದ ಮಾಡುವವರಿಗೆ ಇದರ ತೂಕ ಕೈಗೆ ತಿಳಿಯುತ್ತದೆ. ಒಂದು ಪತ್ರದಲ್ಲಿ ‘ಸಹ’ ಎಂದು ಬರೆದಿದ್ದರೆ ಯಾರ ಸಹ ಎಂಬುದು ಪೂರ್ವಕಲ್ಪಿತ. ಆಸ್ತಿಯ ಪತ್ರದಲ್ಲಿ ಸಹ-ಹಕ್ಕುದಾರ ಎಂದಿದ್ದರೆ ಮೊದಲೇ ಒಬ್ಬ ಹಕ್ಕುದಾರ ಇದ್ದಾನೆ ಎಂದೇ ಅರ್ಥ. ಆ ಮೊದಲಿನವರು ಯೆಹೂದ್ಯರು, ಪೇತ್ರ, ಯಾಕೋಬ, ಯೆರೂಸಲೇಮಿನ ಆ ಜನ. ಅವರನ್ನು ಹಿಂದಿನ ಯುಗಕ್ಕೆ ಕಳುಹಿಸಿ, ಅವರ ಸಭೆಯನ್ನು ಬೇರೆ ಸಭೆ ಮಾಡಿ, ಅವರ ಸುವಾರ್ತೆಯನ್ನು ಬೇರೆ ಸುವಾರ್ತೆ ಮಾಡಿದ ಮೇಲೆ ‘ಸಹ’ ಯಾರ ಜೊತೆ? ಯಾವ ಮರ್ಮವನ್ನು ಕಾಪಾಡಲು ಇಷ್ಟೆಲ್ಲ ಗೆರೆ ಎಳೆದರೋ ಆ ಮರ್ಮದ ಪ್ರಾಣವೇ ಆ ಪ್ರತ್ಯಯದಲ್ಲಿದೆ. ಅದನ್ನೇ ಕತ್ತರಿಸಿದರು. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಕಾಡು ಎಣ್ಣೆಮರದ ಕೊಂಬೆಯನ್ನು ಊರ ಎಣ್ಣೆಮರಕ್ಕೆ ಕಸಿ ಕಟ್ಟುವ ಹೋಲಿಕೆ ಕೊಡುತ್ತಾನೆ. ಕಸಿಯ ದಿನವನ್ನು ಮರದ ಹುಟ್ಟುಹಬ್ಬ ಎಂದು ಯಾವ ತೋಟದವನು ಹೇಳಿಯಾನು?

ಇದರಿಂದ ಯಾರಿಗೇನು ಎಂದು ಕೇಳುವವರಿಗೆ ಗಲಾತ್ಯದ 2ನೇ ಅಧ್ಯಾಯವನ್ನೇ ಇನ್ನೊಮ್ಮೆ ತೆಗೆಯಿರಿ ಎನ್ನುತ್ತೇನೆ. ಸಿರಿಯದ ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲನೆ ಎದ್ದು ಬೇರೆ ಕೂತ. ಬಾರ್ನಬ ಕೂಡ ಹಿಂದೆ ಹೋದ. ಪೌಲ ಎಲ್ಲರ ಮುಂದೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಇದು ಪಂಕ್ತಿಭೇದ, ಇದಕ್ಕೆ ಕನ್ನಡದಲ್ಲಿ ವಿವರಣೆಯೇ ಬೇಡ. ಈಗ ನಡುಭಾಗದವರ ಸಿದ್ಧಾಂತ ಹಚ್ಚಿ ನೋಡಿ. ಪೇತ್ರನ ಸುವಾರ್ತೆ ಬೇರೆ, ಪೌಲನದು ಬೇರೆ, ಇಬ್ಬರ ಸಭೆಗಳೂ ಬೇರೆ ಎಂದಾದರೆ ಪೇತ್ರ ಮಾಡಿದ ತಪ್ಪೇನು? ತನ್ನ ಯುಗದ ಪಂಕ್ತಿಯಲ್ಲಿ ತಾನು ಕೂತ. ಪೌಲನ ಸಿಟ್ಟಿಗೆ ಆಧಾರವೇ ಇಲ್ಲದಂತಾಗುತ್ತದೆ. ಆ ಸಿಟ್ಟಿಗೆ ಅರ್ಥ ಬರುವುದು ಸುವಾರ್ತೆ ಒಂದೇ ಆಗಿದ್ದರೆ, ಎಲೆ ಹಾಕಿದ್ದು ಒಂದೇ ಪಂಕ್ತಿಯಲ್ಲಾಗಿದ್ದರೆ ಮಾತ್ರ.

ದಕ್ಷಿಣ ಭಾರತದ ಚರ್ಚುಗಳಿಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿದಿರಲಿಲ್ಲ. ತಂಜಾವೂರಿನ ಕಡೆಯ ಸಭೆಗಳಲ್ಲಿ ಜಾತಿಗೊಂದು ಸಾಲು, ಕರ್ತನ ಭೋಜನಕ್ಕೂ ಹಿಂದು ಮುಂದು ಇದ್ದ ಕಾಲದಲ್ಲಿ, 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಕೂಡಲೇ ಬಿಡಬೇಕೆಂದು ಸುತ್ತೋಲೆ ಹೊರಡಿಸಿದ. ಎಷ್ಟೋ ಮೇಲ್ಜಾತಿಯ ಕ್ರೈಸ್ತರು ಸಭೆಯನ್ನೇ ಬಿಟ್ಟು ಹೋದರು, ಸಾಲನ್ನು ಬಿಡಲಿಲ್ಲ. ಷಿಕಾಗೋದ ಓಹೇರನಿಗಾಗಲಿ ಲಂಡನ್ನಿನ ವೆಲ್ಚನಿಗಾಗಲಿ ಈ ಕಥೆಯೊಡನೆ ಸಂಬಂಧವಿಲ್ಲ, ಅವರಿಗೆ ಅಂಥ ಉದ್ದೇಶವೂ ಇರಲಿಲ್ಲ. ಆದರೆ ಒಂದೇ ದೇವರ ಮನೆಯಲ್ಲಿ ಎರಡು ಪಂಕ್ತಿ ಶಾಸ್ತ್ರಸಮ್ಮತ ಎಂದು ಓದುವ ವಿಧಾನವೊಂದು ಈ ನೆಲಕ್ಕೆ ಬಂದರೆ ಅದು ಯಾವ ಬಾವಿಯ ನೀರನ್ನು ಕುಡಿದು ಬೆಳೆದೀತು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2ನೇ ಅಧ್ಯಾಯದವರು ಇಲ್ಲಿ ತಲೆಯಾಡಿಸಿ, ನಾವು ಹೇಳಿದ್ದೂ ಇದೇ, ಪಂಚಾಶತ್ತಮದಿಂದ ಒಂದೇ ದೇಹ ಎನ್ನಬಹುದು. ಅಷ್ಟು ಸುಲಭವಲ್ಲ. ಯೆಹೂದ್ಯರನ್ನೂ ಅನ್ಯಜನರನ್ನೂ ಸಭೆಯೊಳಗೆ ಕೂಡಿಸಿದ ಮೇಲೆ ಅವರು ಸಭೆಯನ್ನೇ ಇಸ್ರಾಯೇಲಿನ ಕಥೆಯ ನಡುವೆ ಬಂದ ಒಂದು ಬಿಡುವೆಂದು ಮಾಡುತ್ತಾರೆ. ಚೇಫರನ ಬರಹದಲ್ಲಿ ಭೂಲೋಕದ ಜನ ಒಂದು, ಪರಲೋಕದ ಜನ ಇನ್ನೊಂದು. ಮುಂದೊಂದು ದಿನ ಸಭೆಯನ್ನು ಮೇಲಕ್ಕೆ ಒಯ್ದು ದೇವರು ಇಸ್ರಾಯೇಲಿನ ಕಡತ ಮತ್ತೆ ತೆರೆಯುತ್ತಾನಂತೆ. ಪಂಕ್ತಿಭೇದವನ್ನು ಊಟದ ಮನೆಯಿಂದ ತೆಗೆದು ಮುಂದಿನ ಯುಗಕ್ಕೆ ಮುಂದೂಡಿದಂತಾಯಿತು. ಡಾಲಸ್ ಪರಂಪರೆಯೊಳಗಿನವರಿಗೇ ಇದು ನುಂಗಲಾಗದೆ, 1990ರ ದಶಕದ ಆರಂಭದಲ್ಲಿ ಕ್ರೇಗ್ ಬ್ಲೇಸಿಂಗ್, ಡ್ಯಾರೆಲ್ ಬಾಕ್ ಮುಂತಾದವರು ಗೋಡೆಯನ್ನು ತಗ್ಗಿಸುವ ಕೆಲಸ ಶುರು ಮಾಡಿದರು. ಗೋಡೆ ತಗ್ಗಿದೆ, ಬಿದ್ದಿಲ್ಲ.

ಇಷ್ಟಾದ ಮೇಲೂ ಅನ್ಯಜನರು ಗು೦ಪಾಗಿ ಒಳಬಂದ ಮೊದಲ ಜಾಗ ಯಾವುದು ಹೇಳಿ ಎಂದು ಹಟ ಹಿಡಿದರೆ ಕೃತ್ಯಗಳ 11ನೇ ಅಧ್ಯಾಯದ 20ನೇ ವಚನ ತೋರಿಸಬಹುದು. ಸ್ತೆಫನನ ಕೊಲೆಯ ನಂತರದ ಹಿಂಸೆಗೆ ಚದುರಿ ಹೋದವರಲ್ಲಿ ಸೈಪ್ರಸ್ಸಿನ, ಕುರೇನೆಯ ಕೆಲವರು ಅಂತಿಯೋಕ್ಯಕ್ಕೆ ಬಂದು ಗ್ರೀಕರ ಜೊತೆಗೂ ಮಾತಾಡತೊಡಗಿದರು. ಆ ಗ್ರೀಕರು ಯೆಹೂದ್ಯೇತರರೋ, ಗ್ರೀಕ್ ಮಾತಾಡುವ ಯೆಹೂದ್ಯರೋ ಎಂಬಲ್ಲಿ ಹಸ್ತಪ್ರತಿಗಳೂ ಒಂದೇ ಪಾಠ ಕೊಡುವುದಿಲ್ಲ. ಸಂದರ್ಭ ಮಾತ್ರ ಯೆಹೂದ್ಯೇತರರೇ ಎನ್ನುತ್ತದೆ. ಹೇಳಿದವರ ಹೆಸರುಗಳನ್ನು ಲೂಕ ಬರೆದಿಲ್ಲ. ಅವರು ಅಪೊಸ್ತಲರಲ್ಲ, ದರ್ಶನ ಕಂಡವರಲ್ಲ. ಪೌಲನೋ, ಆಗ ತಾರ್ಸದಲ್ಲಿದ್ದ. ಕೆಲಸ ನಡೆಯುತ್ತಿರುವುದನ್ನು ನೋಡಿದ ಮೇಲೆ ಬಾರ್ನಬ ಹೋಗಿ ಅವನನ್ನು ಕರೆತಂದದ್ದು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಬಿದ್ದದ್ದೂ ಈ ಊರಿನಲ್ಲೇ, ಪೇತ್ರ ಎಲೆಯಿಂದ ಎದ್ದು ಹೋದದ್ದೂ ಈ ಊರಿನಲ್ಲೇ. ಯುಗವಿಭಾಗವಾದಿಗಳ ಯಾವ ದೊಡ್ಡ ಗಡಿಗೆರೆಯೂ ಈ ವಚನದ ಮೇಲೆ ಹಾದುಹೋಗುವುದಿಲ್ಲ.

ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲ ವಂದನೆ ಹೇಳುವ ಪಟ್ಟಿಯಿದೆ. 7ನೇ ವಚನದಲ್ಲಿ ಅಂದ್ರೋನಿಕ ಮತ್ತು ಯೂನ್ಯ ಎಂಬ ಇಬ್ಬರು, ಪೌಲನ ಸ್ವಜನರು, ಅವನ ಜೊತೆ ಸೆರೆಯಲ್ಲಿದ್ದವರು. ಅವರು ತನಗಿಂತ ಮುಂಚೆಯೇ ಕ್ರಿಸ್ತನಲ್ಲಿದ್ದವರು ಎನ್ನುತ್ತಾನೆ. ‘ಕ್ರಿಸ್ತನಲ್ಲಿ’ ಎಂಬುದು ದೇಹದ ಸದಸ್ಯರಿಗೆ ಪೌಲ ಎಲ್ಲೆಡೆ ಬಳಸುವ ಮಾತು. 9, 13, 28 ಎಂದು ಗೆರೆ ಎಳೆದವರೆಲ್ಲ ಈ ಇಬ್ಬರನ್ನು ಯಾವ ಸಭೆಯ ಹಾಜರಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ?